ಪಿಸುಮಾತು ಬಾರದ ಲಿಲ್ಲಿ ಸಿಸ್ಟರ್

ಮೊಮ್ಮಕ್ಕಳೇ, ಚೇತನ್, ನಿಶ್ಚಿತಾ, ಇದು ನಿಮಗೆ ಬರೆದದ್ದು. ಲಿಲ್ಲಿ ಸಿಸ್ಟರಿಗೆ ಪಿಸುಮಾತು ಬರುತ್ತಿರಲಿಲ್ಲ. ಕೊಡ್ಲಿಪೇಟೆಯ ಆ ಸಣ್ಣ ಕ್ಲಿನಿಕ್ಕಿನ ಒಳಕೋಣೆಯಲ್ಲಿ ಅವರು ಯಾರಿಗಾದರೂ ಭೇದಿ ಎಷ್ಟು ಸಲ ಆಯಿತೆಂದು ಕೇಳಿದರೆ, ಉತ್ತರಕ್ಕಾಗಿ ಹೊರಗಿನ ಬೆಂಚಿನವರೂ ಕಾಯುತ್ತಿದ್ದರು.

ಅವರು ಕೇರಳದ ಇರಿಟ್ಟಿ ಕಡೆಯವರು. ದೊಡ್ಡ ವಾರ್ಡಿನಲ್ಲಿ ಕೆಲಸ ಕಲಿತು ಗಂಟಲು ಹಾಗಾಯಿತು ಅನ್ನುತ್ತಿದ್ದರು. ಗಂಡಸರೆಲ್ಲ ಅವರಿಗೆ ಚೇಟ, ಅಂದರೆ ಅಣ್ಣ; ಹೆಂಗಸರೆಲ್ಲ ಮೋಳೆ, ಅಂದರೆ ಮಗಳು. ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ನನ್ನ ಅತ್ತೆಯೂ ಮೋಳೆಯೇ. ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಸೂಜಿ ಚುಚ್ಚುವ ಹೊತ್ತಿಗೆ ಸರಿಯಾಗಿ, ಮನೆಯಲ್ಲಿ ಇವತ್ತು ಏನು ಸಾರು ಎಂದು ಕೇಳುತ್ತಿದ್ದರು. ನಾವು ಸಾರಿನ ಹೆಸರು ಹೇಳಿ ಮುಗಿಸುವುದರೊಳಗೆ ಸೂಜಿ ಹೊರಗೆ ಬಂದಿರುತ್ತಿತ್ತು. ಯಾರಾದರೂ ನಾಚಿಕೊಂಡರೆ ಅವರದು ಒಂದೇ ಮಾತು: "ದೇಹ ಅಂದ್ರೆ ದೇಹ. ಅದ್ರಲ್ಲಿ ಮೇಲ್ಜಾತಿ ಕೀಳ್ಜಾತಿ ಇಲ್ಲ."

ನಿಮ್ಮಜ್ಜನಿಗೆ ಆಗ ಐವತ್ತೈದು ದಾಟಿತ್ತು. ಬೆನ್ನುನೋವೆಂದು ಹೇಳಿ ಹಾಸಿಗೆಯನ್ನು ಜಗಲಿಗೆ ಹಾಕಿಸಿಕೊಂಡರು. ಒಂದು ವರ್ಷ ಹಾಗೇ ಕಳೆಯಿತು. ಮಾತಾಡಿಸಿದರೆ ಸಿಡುಕುತ್ತಿದ್ದರು. ಇವರಿಗೆ ನಾನು ಬೇಡವಾಗಿದ್ದೇನೆ ಎಂದುಕೊಂಡೆ. ಕೇಳುವ ಧೈರ್ಯ ನನಗಿರಲಿಲ್ಲ. ಅವರ ಬಲಗೈಯ ಉಂಗುರಬೆರಳು ಅಂಗೈ ಕಡೆಗೆ ಬಾಗತೊಡಗಿದ್ದು ಮಾತ್ರ ಎಲ್ಲರಿಗೂ ಕಾಣುತ್ತಿತ್ತು. ಮದುವೆಮನೆಗೆ ಹೋದರೂ ಅದಕ್ಕೊಂದು ಮದ್ದು ಹೇಳುವವರು ಸಿಗುತ್ತಿದ್ದರು.

ತೋಟದಲ್ಲಿ ನೆರಳಿನ ಮರದ ಕೊಂಬೆ ಕಡಿಯುವಾಗ ಕತ್ತಿ ತಾಗಿ ಆ ಕೈಗೇ ಗಾಯವಾಯಿತು. ಕ್ಲಿನಿಕ್ಕಿಗೆ ನಾನೂ ಜೊತೆಗೆ ಹೋದೆ. ಸಿಸ್ಟರು ಗಾಯಕ್ಕೆ ಬಟ್ಟೆ ಸುತ್ತುತ್ತಾ ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಚರ್ಮದ ಅಡಿಯಲ್ಲಿ ಹಗ್ಗದಂತೆ ಗಂಟು ಸಿಕ್ಕಿತು. ತಮ್ಮ ಎಂದಿನ ದನಿಯಲ್ಲೇ ಕೇಳಿದರು:

"ಹೀಗೆ ಗಂಟು ಬೇರೆ ಕಡೆ ಉಂಟಾ ಚೇಟಾ? ಕೆಳಗೆ? ಅಲ್ಲಿಯೂ ಬಾಗಿದೆಯಾ?"

ಬೆಂಚಿನ ಮೇಲೆ ಯಾರೋ ನಕ್ಕರು. ಬಿಪಿ ಮಾತ್ರೆಗೆಂದು ಬಂದು ಅಲ್ಲೇ ಕೂತಿದ್ದ ನಿಮ್ಮಜ್ಜನ ಅಣ್ಣ, ನನ್ನ ಭಾವ, ಎದ್ದು ನಿಂತರು. ನಿಮ್ಮಜ್ಜ ಅರ್ಧ ಸುತ್ತಿದ ಬಟ್ಟೆ ನೇತಾಡುತ್ತಿದ್ದಂತೆಯೇ ಹೊರಗೆ ನಡೆದುಬಿಟ್ಟರು.

ಮರುದಿನ ನಾನು ಜಗಳಕ್ಕೆ ಹೋದೆ. ಜನ್ಮದಲ್ಲಿ ಅದೇ ಮೊದಲು. ನಮ್ಮೋರ ಮರ್ಯಾದೆ ತೆಗೆದ್ರಿ ಎಂದು ಹೇಳುವಷ್ಟರಲ್ಲಿ ಅಳು ಬಂತು. ಸಿಸ್ಟರು ಬಾಗಿಲು ಹಾಕಿ, ತಮ್ಮ ದನಿ ಹೊರಗೆ ಕೇಳದಿರಲೆಂದು ಕೈ ತೊಳೆಯುವ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟರು.

"ಬಾಗಿಲು ಹಾಕದೆ ಕೇಳಿದ್ದು ನನ್ನ ತಪ್ಪು ಮೋಳೆ. ಕೇಳಿದ್ದು ತಪ್ಪಲ್ಲ. ಅಂಗೈಲಿ ಗಂಟು ಬಂದ ಕೆಲವು ಗಂಡಸರಿಗೆ ಅಲ್ಲಿಯೂ ಬರ್ತದೆ. ಹೇಳ್ಲಿಕ್ಕೆ ನಾಚಿ ಹೆಂಡತಿಯಿಂದ ದೂರ ಮಲಗ್ತಾರೆ. ನೀನು ಹೋಗಿ ಕೇಳು."

ಒಂದು ವರ್ಷ ನನ್ನನ್ನು ತಿಂದಿದ್ದಕ್ಕೆ ಕಾರಣ ಅಷ್ಟೇ ಆಗಿತ್ತೇ?

ಮನೆಗೆ ಬಂದು ಕೇಳಿದೆ. ನಿಮ್ಮಜ್ಜ ಗೋಡೆ ಕಡೆ ತಿರುಗಿ ಕೂತು ಎಲ್ಲ ಹೇಳಿದರು. ಕ್ಯಾನ್ಸರ್ ಎಂದು ಹೆದರಿದ್ದರು. ಸಂತೆಯಲ್ಲಿ ಎಣ್ಣೆ ಮಾರುವವನೊಬ್ಬ, ತಿಕ್ಕಿ ಎಳೆಯಿರಿ, ತಾನೇ ನೆಟ್ಟಗಾಗುತ್ತದೆ ಎಂದಿದ್ದನಂತೆ. ಇವರು ಪ್ರಾಣ ಹೋಗುವಂಥ ನೋವಿನಲ್ಲೂ ತಿಂಗಳುಗಟ್ಟಲೆ ತಿಕ್ಕಿದ್ದಾರೆ. "ಈಗ ನೋವು ಹೋಗಿದೆ ಕಣೆ. ವಾಸಿಯಾದಂಗೇ," ಎಂದರು. ಬಾಗು ಮಾತ್ರ ಮೊದಲಿಗಿಂತ ಹೆಚ್ಚಾಗಿತ್ತು.

ಆ ಎಣ್ಣೆಯವನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ನಮ್ಮ ಊರಿನ ಮೇಲೂ ಆರಿಲ್ಲ. ಹಸುವಿನ ಕೆಚ್ಚಲು ಬಾತರೆ ಹತ್ತು ಮನೆಯವರು ಬಂದು ಮುಟ್ಟಿ ನೋಡುತ್ತಾರೆ. ಮನುಷ್ಯನೊಬ್ಬ ಒಳಗೊಳಗೇ ಕೊರಗಿದರೆ ಕೇಳುವವರಿಲ್ಲ, ಕೇಳಿದವಳೊಬ್ಬಳು ನಾಚಿಕೆಗೆಟ್ಟವಳು.

ಸಿಸ್ಟರು ಹಾಸನದ ಡಾಕ್ಟರೊಬ್ಬರ ಹೆಸರು ಬರೆದುಕೊಟ್ಟರು, ಹೋದೆವು. ಗಂಡಸಿನ ಅಂಗದೊಳಗೆ ಗಾಯದ ಕಲೆಯಂಥ ಗಂಟು ಕಟ್ಟಿ ಅಂಗ ಬಾಗುವ ಕಾಯಿಲೆ ಅದು, ಪೆರೋನಿ ಎಂದು ಹೆಸರು. ಕ್ಯಾನ್ಸರ್ ಅಲ್ಲ, ಅಂಟುರೋಗವಲ್ಲ. ಮೊದಲ ಒಂದು, ಒಂದೂವರೆ ವರ್ಷ ಅದು ಬದಲಾಗುತ್ತಿರುತ್ತದೆ. ನೋವು ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ, ಆದರೆ ಬಾಗು ತಾನಾಗಿ ಕಡಿಮೆಯಾಗುವುದು ಕೆಲವರಿಗೆ ಮಾತ್ರ. ಹಲವರಿಗೆ ಇದ್ದಷ್ಟೇ ನಿಲ್ಲುತ್ತದೆ, ಹಲವರಿಗೆ ಹೆಚ್ಚುತ್ತದೆ. ಯಾರಿಗೆ ಏನಾಗುವುದೆಂದು ಮೊದಲೇ ಹೇಳಲಾಗದು, ಅದಕ್ಕೇ ಶುರುವಿನಲ್ಲೇ ಬರಬೇಕಿತ್ತು ಎಂದರು ಡಾಕ್ಟರು. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ, ಬಾಗು ಒಂದೇ ಸಮ ನಿಂತ ಮೇಲೂ ತೊಂದರೆಯಿದ್ದರೆ ಆಪರೇಷನ್ ಇದೆ ಎಂದರು. ಸಿಸ್ಟರಿಗೂ ಹಾಗೇ ಒಂದು ಚೀಟಿ ಬರೆದುಕೊಟ್ಟರು. ಇಷ್ಟು ತಿಳಿದದ್ದೇ ತಡ, ನಿಮ್ಮಜ್ಜನ ಮುಖಕ್ಕೆ ಜೀವ ಬಂತು. ಆ ರಾತ್ರಿ ಹಾಸಿಗೆ ಒಳಗೆ ಬಂತು. ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ.

ವಾರ ಕಳೆದಿರಲಿಲ್ಲ, ಭಾವ ಒಂದು ಕಾಗದ ಹಿಡಿದು ಬಂದರು. ಸಿಸ್ಟರನ್ನು ಕೆಲಸದಿಂದ ಬಿಡಿಸಬೇಕೆಂದು ಕ್ಲಿನಿಕ್ಕಿಗೆ ಬರೆದ ದೂರು ಅದು. ಆಗಲೇ ಎಂಟು ಹತ್ತು ಸಹಿ ಬಿದ್ದಿದ್ದವು.

"ಗಂಡಸ್ರನ್ನ ಹಿಂಗೆಲ್ಲ ಕೇಳೋಳು ನಮ್ಮೂರಿಗೆ ಬ್ಯಾಡ. ನಮ್ಮನೆ ಮಾನ ಹೋಗಿರೋದು. ನೀನೂ ಒಂದು ಸೈನ್ ಹಾಕಮ್ಮ."

ಬೇಡ ಎಂದರೆ ಯಾಕೆ ಎಂದು ಕೇಳುತ್ತಿದ್ದರು. ಯಾಕೆ ಎಂದು ಹೇಳಿದರೆ ನಿಮ್ಮಜ್ಜನ ವಿಷಯ ಊರಿಗೆಲ್ಲ ಗೊತ್ತಾಗುತ್ತಿತ್ತು. ನಾನು ನಿಮ್ಮಜ್ಜನ ಮುಖ ನೋಡಿದೆ, ಅವರು ಅಂಗಳ ನೋಡುತ್ತಿದ್ದರು. ನಾನು ಸಹಿ ಹಾಕಿದೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಅಂಥ ಕೆಲಸಕ್ಕೆ ಬಂತು. ಭಾವ ಈಗಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನನಗೆ ಇದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ.

ಆ ತಿಂಗಳ ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಸ್ಟರು ಕಂಡರು. ಒಂದು ಟ್ರಂಕು, ಒಂದು ಕೊಡೆ, ಮಡಿಕೇರಿ ಬಸ್ಸಿಗೆ ಕಾಯುತ್ತಿದ್ದರು. ನಾನು ಸೆರಗು ಎಳೆದುಕೊಂಡು ಬೇರೆ ಕಡೆ ತಿರುಗಿದೆ. ಅವರೇ ಹತ್ತಿರ ಬಂದರು.

"ಪೇಪರಲ್ಲಿ ನಿನ್ನ ಹೆಸರು ನೋಡಿದೆ ಮೋಳೆ," ಎಂದರು. ನಾನು ತಲೆ ಎತ್ತಲಿಲ್ಲ. "ಅದಿರಲಿ. ಮೂರು ತಿಂಗಳಿಗೆ ಮತ್ತೆ ತೋರ್ಸಬೇಕು. ನೋವಿಲ್ಲ ಅಂತ ಬಿಡಬೇಡಿ. ಮತ್ತೆ, ಈ ಅಂಗೈ ಗಂಟು ಕೆಲವು ಮನೆತನದಲ್ಲಿ ಬರ್ತದೆ. ಮನೆಯ ಗಂಡುಮಕ್ಕಳಿಗೆ ಹೇಳಿಡು. ಹೇಳ್ತಿಯಲ್ಲ?"

ಹೇಳುತ್ತೇನೆ ಎಂದೆ. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

ಮೂರು ತಿಂಗಳಿಗೆ ಹೋದೆವು, ಆಮೇಲೂ ಹೋದೆವು. ಬಾಗು ಅಷ್ಟಕ್ಕೇ ನಿಂತಿತ್ತು. ನಿಮ್ಮಜ್ಜ ಆಪರೇಷನ್ ಬೇಡವೆಂದರು. ಅಷ್ಟಕ್ಕೇ ನಿಂತಿತು ಎಂದು ಸಿಸ್ಟರಿಗೆ ಕಾಗದ ಬರೆಯಲು ವಿಳಾಸ ಕೇಳಿ ಕ್ಲಿನಿಕ್ಕಿಗೆ ಹೋದರೆ ಅಲ್ಲಿ ಬೇರೆ ಹುಡುಗಿ ಇದ್ದಳು. ಸಿಸ್ಟರ ವಿಳಾಸ ಯಾರಲ್ಲೂ ಇರಲಿಲ್ಲ. ಅವರನ್ನು ಮತ್ತೆ ನೋಡಲಿಲ್ಲ.

ಕೊಟ್ಟ ಮಾತಿನಂತೆ ನಿಮ್ಮಪ್ಪನಿಗೆ ಹೇಳಲು ನನ್ನಿಂದಾಗಲಿಲ್ಲ, ಎದುರು ಕೂತು ಹೇಳುವ ಗಟ್ಟಿತನ ಇವತ್ತಿಗೂ ಬಂದಿಲ್ಲ. ಅದಕ್ಕೇ ಬರೆದೆ. ಚೇತನ್, ನಿನಗಾಗಲಿ, ನಾಳೆ ನಿನ್ನ ಮಗನಿಗಾಗಲಿ, ಹೀಗೇನಾದರೂ ಕಂಡರೆ ಜಗಲಿಯಲ್ಲಿ ಮಲಗಬೇಡಿ, ಡಾಕ್ಟರ ಹತ್ತಿರ ಹೋಗಿ. ನಿಶ್ಚಿತಾ, ನಿನ್ನ ಮನೆಯವನು ಕಾರಣವಿಲ್ಲದೆ ದೂರವಾದರೆ ಕೇಳು. ಈ ಹಾಳೆಗಳನ್ನು ನಾಚಿಕೊಂಡು ಒಲೆಗೆ ಹಾಕಬೇಡಿ. ಪಹಣಿ ಇರುವ ಫೈಲಿನಲ್ಲಿ, ಎಲ್ಲದಕ್ಕಿಂತ ಮೇಲೆ ಇಡಿ. ಈ ಮನೆಯ ಗಂಡಸರು ಮರೆಯದೆ ತೆಗೆದು ನೋಡುವುದು ಅದೊಂದನ್ನೇ.