ಗೊಂಬೆಗಳ ಎದುರು ಸಾಕ್ಷ್ಯದ ಪಾಠ

ವಕೀಲಿ ಬಿಟ್ಟು ಪೊಲೀಸರಿಗೆ ಸಾಕ್ಷ್ಯದ ಕಾನೂನು ಕಲಿಸಲು ಹೊರಟಾಗ ನಮ್ಮಮ್ಮ ನನ್ನ ಹತ್ತಿರ ಸರಿಯಾಗಿ ಮಾತಾಡಲೇ ಇಲ್ಲ. ಸ್ವಾತಂತ್ರ್ಯ ಬಂದು ಕೆಲವೇ ವರ್ಷವಾಗಿತ್ತು. ಪೊಲೀಸಿನವರಿಗೆ ಕಾಲೇಜಿನಲ್ಲಿ ಸಂಜೆ ಪಾಠ ಎನ್ನುವುದೇ ಹೊಸತು. ಪ್ರಿನ್ಸಿಪಾಲರಿಗೂ ಅದರಲ್ಲಿ ಅಂಥ ನಂಬಿಕೆಯಿರಲಿಲ್ಲ. "ದೀಪಾವಳಿವರೆಗೆ ನೋಡೋಣ. ಆಗ್ಲೂ ಹೀಗೇ ಬಾಯಿ ಬಿಡದೆ ಕೂತಿದ್ರೆ ಕ್ಲಾಸು ಮುಚ್ಚೋದೇ," ಎಂದಿದ್ದರು.

ಅವರು ಹೇಳಿದ್ದು ಸುಳ್ಳಲ್ಲ. ಮುಂದಿನ ಬೆಂಚಿನಲ್ಲಿ ಎಳೆಯ ವಯಸ್ಸಿನ ಇನ್ಸ್‌ಪೆಕ್ಟರ್, ಅವನ ಹಿಂದೆ ಮೀಸೆ ನರೆತ ದಫೇದಾರರು. "ಅರ್ಥ ಆಯ್ತಾ?" ಎಂದರೆ "ಆಯ್ತು ಸಾರ್!" ಎಂದು ಒಂದೇ ದನಿ. ಪ್ರಶ್ನೆ ಒಂದೂ ಇಲ್ಲ. ನಾನೇ ಕೇಳಿದರೆ ಉತ್ತರವೂ ಇಲ್ಲ.

ದಸರಾ ಹೊತ್ತಿಗೆ ಕಾಲೇಜಿಗೆ ಸುಣ್ಣ ಹೊಡೆಸತೊಡಗಿದರು. ಪಾಠ ತಪ್ಪಬಾರದೆಂದು ಎಲ್ಲರನ್ನೂ ಚಾಮರಾಜಪೇಟೆಯ ನಮ್ಮ ಮನೆಗೇ ಕರೆದೆ. ನಡುಮನೆಯಲ್ಲಿ ಅಮ್ಮ ಗೊಂಬೆ ಕೂರಿಸಿದ್ದಳು. ಬಂದವರನ್ನು ಬಾಗಿಲಲ್ಲೇ ತಡೆದಳು.

"ಬೂಟಷ್ಟೇ ಅಲ್ಲ ಕಣ್ರಪ್ಪಾ, ಆ ಬೆಲ್ಟೂ ಚರ್ಮದ್ದಲ್ವಾ? ಟೋಪಿ ಒಳಗೂ ಪಟ್ಟಿ ಇರತ್ತೆ. ಎಲ್ಲಾ ಜಗಲಿ ಮೇಲಿಟ್ಟು ಕಾಲು ತೊಳ್ಕೊಂಡು ಬನ್ನಿ."

ಇನ್ಸ್‌ಪೆಕ್ಟರ್ ನನ್ನ ಮುಖ ನೋಡಿದ. ನಾನು ಗೊಂಬೆಗಳ ಕಡೆ ನೋಡಿದೆ. ಪಾಪ, ಬೆಲ್ಟು ಬಿಚ್ಚಿದ.

ಚಾಪೆಯ ಮೇಲೆ ಕೂತವರಿಗೆ ಅಮ್ಮ ಕಡಲೆಕಾಳಿನ ಉಸಲಿ ತಂದು ಎಲ್ಲರಿಗಿಂತ ಹಿರಿಯ ದಫೇದಾರರ ಮುಂದೆ ಹಿಡಿದಳು.

"ಅಯ್ಯೋ ತಾಯಿ, ಮೊದ್ಲು ಸಾಹೇಬ್ರಿಗೆ ಕೊಡಿ."

"ಸಾಹೇಬ್ರು ಠಾಣೇಲಿ. ಇಲ್ಲಿ ಅವನು ಹುಡುಗ, ಆಮೇಲೆ ತಿಂತಾನೆ ಬಿಡಿ."

ಮೊದಲು ನಕ್ಕಿದ್ದು ಇನ್ಸ್‌ಪೆಕ್ಟರೇ. ಆಮೇಲೆ ಉಳಿದವರಿಗೂ ಧೈರ್ಯ ಬಂತು.

ಉಸಲಿ ಮುಗಿಸಿ ಆ ದಫೇದಾರರು ಗಂಟಲು ಸರಿಮಾಡಿಕೊಂಡರು. "ಸಾರ್, ಒಂದು ಕೇಳ್ಲಾ? ಕಳ್ಳ ನಮ್ಮೆದುರು ತಪ್ಪೊಪ್ಕೊಂಡ್ರೂ ಕೋರ್ಟು ಅದನ್ನ ಲೆಕ್ಕಕ್ಕೇ ತಗೊಳಲ್ಲ ಅಂತೀರಿ. ಈ ಮೀಸೆ ಬೆಳ್ಳಗಾಗಿದ್ದೇ ಈ ಕೆಲಸದಲ್ಲಿ. ನಮ್ಮನ್ನ ಅಷ್ಟೂ ನಂಬಲ್ವಾ?"

ಪುಸ್ತಕದ ಉತ್ತರ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ.

"ಕ್ಲಾಸಲ್ಲಿ ದಿನಾ ಅರ್ಥ ಆಯ್ತು ಅಂತಿದ್ರಲ್ಲ, ಆಗಿತ್ತಾ?"

"ಇಲ್ಲ ಸಾರ್."

"ಮತ್ತೆ ಯಾಕಂದ್ರಿ?"

ಅವರು ಇನ್ಸ್‌ಪೆಕ್ಟರ್ ಕಡೆ ಓರೆಗಣ್ಣಲ್ಲಿ ನೋಡಿದರು. "ಸಾಹೇಬ್ರು ಮುಂದೆ ಕೂತಿರುವಾಗ ಬೇರೆ ಏನ್ ಸಾರ್ ಹೇಳೋದು?"

"ಠಾಣೇಲಿ ನಿಮ್ಮ ಮುಂದೆ ನಿಂತೋನ ಪಾಡೂ ಅದೇ ಅಲ್ವಾ?"

ದಫೇದಾರರು ತಮ್ಮ ಬರಿಗಾಲನ್ನೇ ನೋಡುತ್ತಾ ಕೂತರು. ಇನ್ಸ್‌ಪೆಕ್ಟರ್, "ಹಂಗಾದ್ರೆ ನಿಜವಾಗ್ಲೂ ಕದ್ದೋನನ್ನ ಹಿಡಿಯೋದು ಹೆಂಗೆ ಸಾರ್?" ಎಂದ. ಅದಕ್ಕೆ ಇನ್ನೊಬ್ಬರು ಏನೋ ಹೇಳಿದರು, ಅದಕ್ಕೆ ಮತ್ತೊಬ್ಬರ ತಕರಾರು. ಗೊಂಬೆಗಳಿಗೆ ಆರತಿ ತಡವಾಯಿತೆಂದು ಅಮ್ಮ ಗೊಣಗಿದಳು, ಆದರೆ ಎಬ್ಬಿಸಲಿಲ್ಲ.

ಕಾಲೇಜಿಗೆ ಮರಳಿದ ದಿನ ಇನ್ಸ್‌ಪೆಕ್ಟರ್ ತಾನಾಗಿಯೇ ಟೋಪಿ, ಬೆಲ್ಟು ತೆಗೆದು ಹೊರಗಿನ ಕಿಟಕಿಯಲ್ಲಿಟ್ಟು ಹಿಂದಿನ ಬೆಂಚಿಗೆ ಹೋಗಿ ಕೂತ. ದೀಪಾವಳಿ ಕಳೆಯಿತು. ಒಂದು ಸಂಜೆ ಪ್ರಿನ್ಸಿಪಾಲರು ಬಾಗಿಲಲ್ಲಿ ತಲೆ ಹಾಕಿ, "ಏನ್ರೀ ಇದು, ಅವೆನ್ಯೂ ರಸ್ತೆ ಥರ ಗಲಾಟೆ!" ಎಂದು ಗದರಿ ಹೊರಟುಹೋದರು. ಮುಚ್ಚುವ ಮಾತು ಮತ್ತೆ ಎತ್ತಲಿಲ್ಲ.