ಮಹಾನಂದಳ ದೊಡ್ಡಕ್ಷರ

ಮಹಾನಂದಳ ಎಡಗೈ ಕಿರುಬೆರಳನ್ನು ಮುರಿದವನು ಅವಳ ಒಡಹುಟ್ಟಿದ ಅಣ್ಣ ಅಮರ್. ಬೀರುವಿನ ಬಾಗಿಲ ಸಂದಿಯಲ್ಲಿ ಅವಳ ಕೈ ಹಿಡಿದಿಟ್ಟು ಬಾಗಿಲಿಗೆ ಒದ್ದ. ಸರಿಯಾಗಿ ಮುಚ್ಚಿಕೊಳ್ಳಲಿಲ್ಲವೆಂದು ಇನ್ನೊಮ್ಮೆ ಒದ್ದ. ಚಾಮರಾಜಪೇಟೆಯ ಆ ವಠಾರದ ಏಳು ಮನೆಗಳಿಗೂ ಅವಳ ಕೂಗು ಕೇಳಿಸಿತು. ಏಳೂ ಮನೆಯವರು ಟಿ.ವಿ. ಸೌಂಡು ಜಾಸ್ತಿ ಮಾಡಿಕೊಂಡರು.

ಯಾಕೆ ಅಂತೀರಾ? ಅವರಪ್ಪ ದಾಸಪ್ಪನವರು ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್ ಆಗಿದ್ದವರು, ಡ್ಯೂಟಿಯಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದು ಹೋಗಿಬಿಟ್ಟರು. ಅನುಕಂಪದ ಮೇಲೆ ಮನೆಯಲ್ಲಿ ಒಬ್ಬರಿಗೆ ಕೆಲಸ. ಗಂಡುಮಗ ನಾನು, ಕೆಲಸ ನನ್ನದು ಎಂದು ಅಮರ್ ಹೊಸ ಪ್ಯಾಂಟು ಹೊಲಿಸಿಕೊಂಡಿದ್ದ. ಆದರೆ ಬಾರಿನ ಮುಂದೆ ಒಬ್ಬನ ತಲೆ ಮೇಲೆ ಬಾಟಲಿ ಒಡೆದ ಕೇಸು ಅವನ ಮೇಲಿತ್ತು. ಕೇಸಿದ್ದವನಿಗೆ ಸರ್ಕಾರಿ ಕೆಲಸ ಸಿಗುವುದಿಲ್ಲವೆಂದು ತಾಯಿ ಬೈರಮ್ಮನವರು ಮಗಳ ಹೆಸರಿಗೆ ಹೆಬ್ಬೆಟ್ಟು ಒತ್ತಿದರು, ಅಪ್ಪನ ಅಟೆಂಡರ್ ಕೆಲಸ ಮಹಾನಂದಳಿಗೆ ಬಂತು. ಅಂದಿನಿಂದ ನಾಲ್ಕು ವರ್ಷ, ಅವನು ತಂಗಿಗೆ ಕೈ ಮಾಡದ ವಾರವೇ ಇರಲಿಲ್ಲ. ಅನ್ನಕ್ಕೆ ಉಪ್ಪು ಕಡಿಮೆಯಾದರೂ ಹೊಡೆತ, ಸಂಬಳದ ದಿನವೂ ಹೊಡೆತ.

ಈಗ ಆ ಕಚೇರಿಯ ಹಳೇ ಟೈಪಿಸ್ಟ್ ನಿವೃತ್ತರಾಗುವವರಿದ್ದರು. ಮಹಾನಂದ ಈ ಸಲ ಜೂನಿಯರ್ ಇಂಗ್ಲಿಷ್ ಟೈಪಿಂಗ್ ಪಾಸಾದರೆ ಆ ಕುರ್ಚಿ ಅವಳದು. ಇಲ್ಲವಾದರೆ ಬೇರೆ ಕಚೇರಿಯಿಂದ ಇನ್ನೊಬ್ಬರು ಬಂದು ಕೂರುತ್ತಾರೆ, ಇವಳು ಮುಪ್ಪಾಗುವವರೆಗೂ ಟೀ ಲೋಟ ತೊಳೆಯಬೇಕು. ಸುದ್ದಿ ಅಣ್ಣನ ಕಿವಿಗೆ ಬಿದ್ದಾಗ ಪರೀಕ್ಷೆಗೆ ಐದು ವಾರ ಉಳಿದಿತ್ತು. ಅವತ್ತೇ ಬೆರಳು ಮುರಿದದ್ದು.

ಟೈಪಿಂಗ್ ಕಲಿಸುತ್ತಿದ್ದವರು ಬದರೀನಾರಾಯಣ ಮೇಷ್ಟ್ರು. ಎಪ್ಪತ್ತೆರಡು ವರ್ಷ, ಕೈಯಲ್ಲಿ ಸದಾ ಮರದ ಸ್ಕೇಲು. ಒಂದು ಕಾಲಕ್ಕೆ ಮಕ್ಕಳ ಗೆಣ್ಣಿನ ಮೇಲೆ ಬಾರಿಸುತ್ತಿದ್ದರು. ಈಗ ಕಂಪ್ಲೇಂಟು ಕೊಡುತ್ತಾರೆಂಬ ಭಯಕ್ಕೆ ಮೇಜಿಗೆ ಬಾರಿಸುತ್ತಾರೆ. ಮೇಜಿನ ಅಂಚು ಇಲಿ ಕಡಿದಂತೆ ಕಿತ್ತುಹೋಗಿದೆ. ಬೆರಳು ಮುರಿಯುವ ಮೊದಲು ಆ ಮೇಜು ಹೆಚ್ಚಾಗಿ ಏಟು ತಿಂದದ್ದು ಮಹಾನಂದಳ ತಪ್ಪುಗಳಿಂದಲೇ.

"ಏನಮ್ಮಾ ಇದು? ಆಫೀಸರ್‌ಗೆ ದೊಡ್ಡ ಓ, ಮದರ್‌ಗೆ ದೊಡ್ಡ ಎಂ! ಸಾಲೆಲ್ಲಾ ಗುಡ್ಡಬೆಟ್ಟ ಆಗೋಗಿದೆಯಲ್ಲ!"

"ಆಫೀಸರ್ರನ್ನ ಸಣ್ಣಕ್ಷರದಲ್ಲಿ ಹೊಡೆದ್ರೆ ಏಕವಚನದಲ್ಲಿ ಕರೆದಂಗಾಗಲ್ವಾ ಸಾರ್?"

ಸ್ಕೇಲು ಮೇಜಿಗೆ ಬಿತ್ತು. "ಇಂಗ್ಲಿಷ್‌ನಲ್ಲಿ ಮರ್ಯಾದೆಗೂ ದೊಡ್ಡಕ್ಷರಕ್ಕೂ ಸಂಬಂಧ ಇಲ್ಲ ತಾಯಿ. ವಾಕ್ಯ ಶುರುವಾದ್ರೆ ದೊಡ್ಡದು. ಹೆಸರು ಬಂದ್ರೆ ದೊಡ್ಡದು, ಮನುಷ್ಯಂದೋ, ಊರಿಂದೋ, ವಾರ ತಿಂಗಳಿಂದೋ. 'ಐ' ಒಂಟಿಯಾಗಿ ನಿಂತ್ರೆ ದೊಡ್ಡದು. ನೀನು ಹೊಡೀತಿರೋ ಮಿಕ್ಕಿದ್ದೆಲ್ಲಾ ಸಣ್ಣದು, ಆಫೀಸರ್ ಆಗ್ಲಿ, ಅಟೆಂಡರ್ ಆಗ್ಲಿ. ಒಂದೊಂದು ತಪ್ಪಿಗೂ ಮಾರ್ಕು ಹೋಗುತ್ತೆ."

ಎಷ್ಟು ಹೇಳಿದರೂ ಅವಳ ಕೈ ಕೇಳುತ್ತಿರಲಿಲ್ಲ. ಹಿರಿಯರ ಪದ ಬಂದ ಕೂಡಲೇ ಕಿರುಬೆರಳು ತಾನಾಗಿ ಶಿಫ್ಟ್ ಕೀಲಿಗೆ ಹೋಗುತ್ತಿತ್ತು.

ಮೂರು ದಿನ ಬಿಟ್ಟು, ಬೆರಳಿಗೆ ಅಲ್ಯೂಮಿನಿಯಂ ಪಟ್ಟಿ ಕಟ್ಟಿಸಿಕೊಂಡು ಅವಳು ಟೈಪಿಂಗ್ ಕ್ಲಾಸಿನ ಮಹಡಿ ಹತ್ತಿದಾಗ ಮೇಷ್ಟ್ರ ಸ್ಕೇಲು ಕೆಳಗಿಳಿಯಿತು. "ಮನೆಗೆ ಹೋಗಮ್ಮಾ, ಪರೀಕ್ಷೆ ಮುಂದಿನ ಸಲ ಕಟ್ಟು."

"ಮನೇಲಿದ್ರೆ ನಮ್ಮಣ್ಣ ಇನ್ನೊಂದು ಮುರೀತಾನೆ ಸಾರ್. ಇಲ್ಲೇ ಕೂರ್ತೀನಿ."

ಟೈಪ್‌ರೈಟರಿನಲ್ಲಿ ಒಂದು ಕೈ ಅಕ್ಷರ ಹೊಡೆಯುವಾಗ ಇನ್ನೊಂದು ಕೈಯ ಕಿರುಬೆರಳು ಶಿಫ್ಟ್ ಒತ್ತಿ ಹಿಡಿದರೇ ದೊಡ್ಡಕ್ಷರ. ಹಳೇ ಯಂತ್ರ, ಒತ್ತಿದರೆ ಅದರ ಹೊಟ್ಟೆಯೇ ಮೇಲೇಳಬೇಕು. ಆ ಬೆರಳಿನ ಎ, ಕ್ಯೂ, ಝಡ್‌ಗಳನ್ನು ಪಕ್ಕದ ಬೆರಳಿಗೆ ಒಪ್ಪಿಸಿದಳು. ಶಿಫ್ಟನ್ನೂ ಬೇರೆ ಬೆರಳಲ್ಲಿ ಒತ್ತಿ ನೋಡಿದಳು. ಕೈ ಜಾಗ ತಪ್ಪಿ ಸಾಲೆಲ್ಲ ಹಾಳಾಯಿತು. ಕೊನೆಗೆ ಪಟ್ಟಿ ಕಟ್ಟಿದ ಬೆರಳಲ್ಲೇ ಒತ್ತಿದಳು. ಮೊದಲ ದಿನ ಒಂದು ಎಂ ಹೊಡೆದು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಐ, ಜೆ, ಎನ್, ಬಲಗೈಯ ಅಕ್ಷರ ಯಾವುದು ದೊಡ್ಡದಾಗಬೇಕಾದರೂ ಮೂಳೆಯೊಳಗೆ ಮೊಳೆ ಹೊಡೆದಂತಾಗುತ್ತಿತ್ತು.

ಆ ನೋವೇ ಪಾಠ ಹೇಳಿತು. ಹತ್ತು ದಿನದಲ್ಲಿ ಆಫೀಸರ್ ಸಣ್ಣವರಾದರು, ತಾಯಿಯೂ ಸಣ್ಣವಳಾದಳು. ಬೇಕಾದ ಕಡೆ ಮಾತ್ರ ಹಲ್ಲು ಕಚ್ಚಿ ಒತ್ತುತ್ತಿದ್ದಳು. ಒಂದು ಪದ ಮಾತ್ರ ಉಳಿದಿತ್ತು.

"ಬ್ರದರ್‌ಗೆ ಇನ್ನೂ ದೊಡ್ಡ ಬಿ ಹೊಡೀತಿದೀಯಲ್ಲಮ್ಮಾ! ಬೆರಳು ಮುರಿದೋನಿಗೂ ಮರ್ಯಾದೆನಾ?"

"ಬಿ ಎಡಗೈದು ಸಾರ್. ಶಿಫ್ಟು ಬಲಗೈಲಿ ಒತ್ತೋದು. ನೋವೇ ಆಗಲ್ಲ, ಅದಕ್ಕೇ ಗೊತ್ತಾಗ್ಲಿಲ್ಲ."

ಮೇಷ್ಟ್ರು ಕೆಮ್ಮಿದಂತೆ ನಕ್ಕು ಅಲ್ಲಿಗೂ ಕೆಂಪು ಸೊನ್ನೆ ಸುತ್ತಿದರು.

ಪರೀಕ್ಷೆ ಎನ್.ಆರ್. ಕಾಲೋನಿಯ ಶಾಲೆಯೊಂದರಲ್ಲಿ, ಬೆಳಗ್ಗೆ ಹತ್ತಕ್ಕೆ. ಎಂಟೂವರೆಗೆ ಅಮರ್ ಅವಳ ಬ್ಯಾಗಿನಿಂದ ಹಾಲ್ ಟಿಕೆಟ್ ಎಳೆದುಕೊಂಡು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತ.

"ಅಣ್ಣಾ, ಕೊಡು. ಟೈಮಾಗುತ್ತೆ."

"ಟೈಪಿಸ್ಟಮ್ಮಾವ್ರಾ? ಬನ್ನಿ, ಕೈ ತೋರ್ಸಿ." ಪಟ್ಟಿ ಕಟ್ಟಿದ ಬೆರಳನ್ನೇ ಹಿಡಿದು ಹಿಂದಕ್ಕೆ ತಿರುಚಿದ. ಕೂಡುತ್ತಿದ್ದ ಮೂಳೆ ಮತ್ತೆ ಚಿಟ್ ಎಂದಿತು. ಅವಳು ಮೊಣಕಾಲೂರಿ ಬಿದ್ದಳು. ಬಿದ್ದವಳ ಪಕ್ಕೆಗೆ ಒದ್ದ.

ಒಲೆಯ ಮುಂದಿದ್ದ ಬೈರಮ್ಮನವರು ನಾಲ್ಕು ವರ್ಷ ಬಾಯಿ ತೆರೆಯದವರು. ಕಬ್ಬಿಣದ ದೋಸೆಹೆಂಚನ್ನು ತೆಗೆದು ಮಗಳ ಬಲಗೈಗೆ ಹಿಡಿ ಕೊಟ್ಟರು, ಸೌಟು ಕೊಡುವ ಹಾಗೆ.

ಮಹಾನಂದ ಎದ್ದು ಬೀಸಿದಳು. ಮೊದಲ ಏಟು ಭುಜಕ್ಕೆ, ಎರಡನೆಯದು ಹಣೆಗೆ. ಅಮರ್ ಬಾಗಿಲಿಗೆ ಒರಗಿ ಜಾರಿದ, ಕಣ್ಣು ಮುಚ್ಚುವಷ್ಟು ರಕ್ತ ಇಳಿಯಿತು. ಅವಳು ಮೂರನೆಯದಕ್ಕೆ ಹೆಂಚು ಎತ್ತಿದಾಗ ತಾಯಿ ತಡೆದರು.

"ಸಾಕು. ನೀನು ಹೋಗು. ಇವನನ್ನ ನಾನು ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀನಿ."

ಅವನ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಾಲ್ ಟಿಕೆಟ್ ತೆಗೆದುಕೊಂಡಳು. ಅಣ್ಣನನ್ನು ದಾಟಿಕೊಂಡು ಹೋಗಿ ಆಟೋ ಹತ್ತಿದಳು.

ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಕರು ಟಿಕೆಟ್ಟನ್ನು ತುದಿಬೆರಳಲ್ಲಿ ಹಿಡಿದರು. "ಏನಮ್ಮಾ ಇದು, ರಕ್ತನಾ? ನಿಮ್ಮದಾ?"

"ಅಲ್ಲ ಸಾರ್. ನಮ್ಮಣ್ಣಂದು."

ಅವರು ಟಿಕೆಟ್ ವಾಪಸ್ ಕೊಟ್ಟು ಅವಳ ಜಾಗ ತೋರಿಸಿದರು. ಟೈಪ್ ಮಾಡಲು ಕೊಟ್ಟ ಪತ್ರದಲ್ಲಿ ಇಪ್ಪತ್ತಾರು ದೊಡ್ಡಕ್ಷರಗಳು, ಅದರಲ್ಲಿ ಹದಿನಾಲ್ಕು ಎಡಗೈ ಶಿಫ್ಟಿನವು. ಹದಿನಾಲ್ಕನ್ನೂ ಒತ್ತಿದಳು. ಎಲ್ಲೂ ಒಂದು ಹೆಚ್ಚಿಲ್ಲ.

ಅಮರ್‌ಗೆ ಹನ್ನೊಂದು ಹೊಲಿಗೆ ಬಿತ್ತು. ಸ್ಟೇಷನ್ನಿಗೆ ಹೋಗಿ ಅವಳ ಕೆಲಸ ಕಳೀತೀನಿ ಎಂದು ಆಸ್ಪತ್ರೆಯ ಮಂಚದಲ್ಲೇ ಎದ್ದು ಕೂತ. "ಹೋಗು," ಎಂದರು ಬೈರಮ್ಮನವರು. "ಹೆಂಚು ಕೊಟ್ಟೋಳು ನಮ್ಮಮ್ಮ ಅಂತಾನೂ ಬರೆಸು. ಅವಳ ಬೆರಳಿಂದು ನಾನ್ ಬಂದು ಬರೆಸ್ತೀನಿ." ಅವನು ಹೋಗಲಿಲ್ಲ.

ಫಲಿತಾಂಶ ಬಂತು: ಪಾಸು, ಸೆಕೆಂಡ್ ಕ್ಲಾಸು. ಟೈಪಿಸ್ಟ್ ಕುರ್ಚಿ ಮಹಾನಂದಳದಾಯಿತು. ತಾಯಿ ಮಗಳು ತ್ಯಾಗರಾಜನಗರದ ಮಹಡಿ ರೂಮೊಂದಕ್ಕೆ ಬಂದರು. ಅಮರ್ ಎರಡು ಸಲ ಕುಡಿದು ಬಂದು ಬಾಗಿಲು ಒದ್ದು ಹೋದ. ಮೂರನೇ ಸಲ ಅವಳೇ ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತಳು.

"ಏನಣ್ಣಾ?"

ಅವನು ಅವಳ ಮುಖ ನೋಡಲಿಲ್ಲ, ಕೈ ನೋಡಿದ. ಖಾಲಿ ಕೈ. ಆದರೂ ಎರಡು ಮೆಟ್ಟಿಲು ಕೆಳಗಿಳಿದ.