ಕಿನ್ಲಪ್ಪನ ಎಡೆ

ಮಹಾಲಯ ಅಮಾವಾಸ್ಯೆ ಹತ್ತಿರ ಬಂತೆಂದರೆ ವಿಮಲಮ್ಮನಿಗೆ ಮೈಯೆಲ್ಲ ಉರಿ. ಕೆಲಸಕ್ಕೆ ಹೆದರುವ ಹೆಂಗಸಲ್ಲ ಆಕೆ. ಸತ್ತ ಹಿರಿಯರಿಗೆ ಎಡೆ ಇಡುವ ಆ ದಿನ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ ಎಲ್ಲವನ್ನೂ ಒಬ್ಬಳೇ ಮಾಡಿ ಮುಗಿಸುವ ಗಟ್ಟಿಗಿತ್ತಿ. ಉರಿಯೆಲ್ಲ ಒಂದು ಬ್ರಾಂದಿ ಬಾಟಲಿಯ ಮೇಲೆ. ತರುವವನು ಗಂಡ ಚನ್ನಕೇಶವ, ತರುವುದು ಮಾತ್ರ ಕಿನ್ಲಪ್ಪನ ಹೆಸರಿನಲ್ಲಿ.

ಕಿನ್ಲಪ್ಪ ಇವರ ನೆಂಟನಲ್ಲ, ಜಾತಿಯವನಲ್ಲ, ದೇಶದವನೂ ಅಲ್ಲ. ಕ್ವಿನ್ಲನ್ ಎಂಬ ಐರ್ಲೆಂಡಿನ ದೊರೆ. ಬೆಂಗಳೂರಿನ ಜ್ಞಾನಭಾರತಿಯ ಹಿಂದಿನ ಈ ಊರಿನ ಸುತ್ತ ಇನ್ನೂ ರಾಗಿ ಹೊಲಗಳಿದ್ದ ಕಾಲದಲ್ಲಿ ರೈಲು ಹಳಿಯ ಕೆಲಸ ಮಾಡಿಸಲು ಬಂದು, ಇವರ ತೋಪಿನಲ್ಲಿ ಡೇರೆ ಹಾಕಿಕೊಂಡಿದ್ದನಂತೆ. ಪ್ಲೇಗಿನ ವರ್ಷ ಚನ್ನಕೇಶವನ ಮುತ್ತಾತ ಮಲಗಿದಾಗ ಒಡಹುಟ್ಟಿದವರೇ ಹತ್ತಿರ ಸುಳಿಯಲಿಲ್ಲ. ದೊರೆ ತನ್ನ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಸಾಗಿಸಿದ. ಮುತ್ತಾತ ಬದುಕಿದ, ದೊರೆ ಅದೇ ಕಾಯಿಲೆಗೆ ಹೋದ. ಅವನ ಜೊತೆಗಾರರು ಹೊಲದ ಮೂಲೆಯಲ್ಲೇ ಮಣ್ಣು ಮಾಡಿ, ಹೆಸರು ಕೆತ್ತಿದ ಕಲ್ಲು ನೆಟ್ಟರು. ಹೆಂಡತಿ ಮಕ್ಕಳಿಲ್ಲದವನು, ನಾವೇ ಎಡೆ ಇಡುತ್ತೇವೆ ಎಂದು ಮುತ್ತಾತ ಕಲ್ಲಿನ ಮುಂದೆ ಮಾತು ಕೊಟ್ಟ. ದೊರೆ ಅಂದಮೇಲೆ ಕುಡಿಯದೆ ಇರುತ್ತಾನೆಯೇ ಎಂದು ಯಾರೋ ಎಲೆಯ ಪಕ್ಕ ಬ್ರಾಂದಿ ಇಟ್ಟರು. ಅದೇ ಶಾಸ್ತ್ರವಾಗಿ ಕೂತಿತು.

ಹೊಲ ಹೋಗಿ ಸೈಟಾಯಿತು, ಸೈಟಿನ ಮೇಲೆ ಬಾಡಿಗೆ ಮನೆಗಳೆದ್ದವು. ಕಲ್ಲು ಮಾತ್ರ ಕಾಂಪೌಂಡಿನೊಳಗೆ, ನೀರಿನ ಸಂಪಿನ ಪಕ್ಕ ಉಳಿದುಕೊಂಡಿತು. ಬ್ರಾಂದಿಯೂ ಉಳಿದುಕೊಂಡಿತು.

ಎಡೆಗಿಟ್ಟಿದ್ದನ್ನು ಚೆಲ್ಲುವಂತಿಲ್ಲ, ಮನೆಯವರೇ ತಿಂದು ಕುಡಿದು ಮುಗಿಸಬೇಕು. ಚನ್ನಕೇಶವನಿಗೆ ಬೇಕಾದದ್ದೂ ಅಷ್ಟೇ. ವಿಮಲಮ್ಮ ಅತ್ತು ಕರೆದು, ದೇವರ ಮೇಲೆ ಆಣೆ ಹಾಕಿಸಿ ಹೇಗೋ ಕೆಲವು ತಿಂಗಳು ಬಿಡಿಸುವುದು. ಅಮಾವಾಸ್ಯೆಯ ದಿನ ಆ ಒಂದು ಲೋಟ ಗಂಟಲಿಗಿಳಿಯುವುದು. ಆಮೇಲೆ ದೀಪಾವಳಿ ಕಳೆದರೂ ಮನುಷ್ಯ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಹೋದ ವರ್ಷ ರಕ್ತ ವಾಂತಿಯಾಗಿ ಆಸ್ಪತ್ರೆ ಸೇರಿದ್ದ. ಲಿವರ್ ಹೋಗಿದೆ, ಇನ್ನು ಮುಟ್ಟಿದರೆ ಉಳಿಯೋದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೇಳಿದ್ದರು.

"ಈ ವರ್ಷ ತರಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು ವಿಮಲಮ್ಮ.

"ನಮ್ಮ ವಂಶ ಉಳ್ಸಿದೋನಿಗೆ ಒಂದ್ಲೋಟ ಇಡಬೇಡ ಅಂತೀಯಲ್ಲೇ, ನಾಚಿಕೆ ಆಗಲ್ವಾ? ಅದು ಪ್ರಸಾದ ಕಣೇ!"

ಸತ್ತವನ ಜೊತೆ ಜಗಳವಾಡುವುದು ಹೇಗೆ? ಎಷ್ಟೋ ಸಲ ಬಟ್ಟೆ ಒಣಹಾಕಲು ಹೋದವಳು ಆ ಕಲ್ಲಿಗೆ ಬೈದು ಬಂದಿದ್ದಳು.

ಈ ಸಲ ಕಿನ್ಲಪ್ಪನ ಕಡೆಯವನೇ ಬರುವುದೆಂದಾಯಿತು. ಮಗಳು ಅನು ಕಲ್ಲಿನ ಫೋಟೊ ತೆಗೆದು ಇಂಟರ್ನೆಟ್ಟಿಗೆ ಹಾಕಿದ್ದಳು. ಅದನ್ನು ಕಂಡ ಬ್ರೆಂಡನ್ ಕ್ವಿನ್ಲನ್ ಎಂಬಾತ, ತನ್ನ ಮನೆತನದ ಹೆಸರಿನವರ ಗೋರಿ ಹುಡುಕುತ್ತ ದೇಶ ದೇಶ ಸುತ್ತುವ ನಿವೃತ್ತ ಮೇಷ್ಟ್ರು, ಅದು ತನ್ನ ಮುತ್ತಜ್ಜನ ತಮ್ಮನದೇ ಎಂದು ಬರೆದ. ಎಡೆಯ ದಿನವೇ ಬರುತ್ತೇನೆ ಎಂದ. ಕುಡಿಯಬೇಡಿ ಅಂತ ನಿಮ್ಮಪ್ಪನಿಗೆ ಆ ದೊರೆ ಕಡೆಯವರ ಬಾಯಿಂದಲೇ ಒಂದು ಮಾತು ಹೇಳಿಸು ಎಂದು ವಿಮಲಮ್ಮ ಮಗಳನ್ನು ಗೋಗರೆದಳು.

"ಅಮ್ಮಾ, ಅಷ್ಟು ದೂರದಿಂದ ಬರೋ ಗೆಸ್ಟ್ ಹತ್ರ ನಮ್ಮನೆ ಪ್ರಾಬ್ಲಂ ಹೇಳಕ್ಕಾಗುತ್ತಾ?" ಎಂದುಬಿಟ್ಟಳು ಅನು.

ಬ್ರೆಂಡನ್ ಬಂದ. ಬೆಳ್ಳಗಿನ ಗಡ್ಡದ, ಮೆತ್ತಗೆ ಮಾತಾಡುವ ಮನುಷ್ಯ. ಕಲ್ಲನ್ನು ಮುಟ್ಟಿ ಅತ್ತ. ಅವನು ಅತ್ತದ್ದು ಕಂಡು ವಿಮಲಮ್ಮನಿಗೂ ಕಣ್ಣು ತುಂಬಿತು. ಅಷ್ಟರಲ್ಲಿ ಅವನು ಬ್ಯಾಗಿನಿಂದ ತಮ್ಮ ದೇಶದ ವಿಸ್ಕಿ ಬಾಟಲಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ಚನ್ನಕೇಶವನಿಗೆ ಕೊಟ್ಟ. ಆಕೆಯ ಕಣ್ಣೀರು ಅಲ್ಲೇ ಇಂಗಿತು. ಬೆಂಕಿ ಆರಿಸಲಿ ಎಂದು ಕಾದಿದ್ದರೆ ಈ ಪುಣ್ಯಾತ್ಮ ಸೀಮೆಎಣ್ಣೆ ತಂದಿದ್ದ!

ನಡುಮನೆಯಲ್ಲಿ ಎಲೆ ಹಾಕಿದರು. ಗೋಡೆಯ ಪಕ್ಕ ಚನ್ನಕೇಶವನ ಅಪ್ಪ ಅಮ್ಮನಿಗೆ, ಬಾಗಿಲ ಕಡೆಗೆ ಕಿನ್ಲಪ್ಪನಿಗೆ, ಅವನ ಎಲೆಯ ಪಕ್ಕ ಎಂದಿನ ಬ್ರಾಂದಿ ಲೋಟ. ಹಿರಿಯರು ಬಂದು ಉಣ್ಣಲಿ ಎಂದು ಧೂಪ ಹಾಕಿ ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ನಿಂತರು. ಎಲೆಯ ಪಕ್ಕದ ಲೋಟದಲ್ಲಿದ್ದದ್ದು ಏನು ಎಂದು ಬ್ರೆಂಡನ್ ಕೇಳಿದ. ಅನು ಹೇಳಿದಳು. ಅವನು ಹುಬ್ಬೇರಿಸಿ ಏನೋ ಹೇಳುತ್ತ ಹೋದ. ಅನುವಿನ ಮುಖ ಬದಲಾಯಿತು.

"ಏನಂತೆ ಕಣೇ?"

"ಅಮ್ಮಾ... ಕಿನ್ಲಪ್ಪನವರು ಜೀವಮಾನದಲ್ಲಿ ಕುಡಿದೋರೇ ಅಲ್ವಂತೆ. ಅವರಪ್ಪ ಕುಡಿದು ಕುಡಿದು ಇದ್ದ ಜಮೀನೆಲ್ಲ ಕಳೆದ್ರಂತೆ. ಅದಕ್ಕೇ ಹುಡುಗ ಆಗಿದ್ದಾಗ್ಲೇ ಚರ್ಚಲ್ಲಿ ಆಣೆ ಮಾಡಿದ್ರಂತೆ, ಒಂದು ತೊಟ್ಟೂ ಮುಟ್ಟಲ್ಲ ಅಂತ. ಊರು ಬಿಟ್ಟು ಇಲ್ಲಿಗೆ ಬಂದಿದ್ದೂ ಅದಕ್ಕೇ ಅಂತೆ."

"ಮತ್ತೆ ಇವ್ರು ಯಾಕಮ್ಮ ಬಾಟ್ಲಿ ತಂದ್ರು?"

"ಅದು ಬದುಕಿರೋರಿಗೆ ಅಂತೆ."

ವಿಮಲಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕುಡಿತಕ್ಕೆ ಹೇಸಿ ಸಮುದ್ರ ದಾಟಿ ಬಂದವನ ಮುಂದೆ ತಲೆತಲಾಂತರ ಬ್ರಾಂದಿ ಇಟ್ಟು ಕೈ ಮುಗಿದಿದ್ದರಲ್ಲ! ತಾನು ಬೈದದ್ದೆಲ್ಲ ಒಬ್ಬ ನಿರಪರಾಧಿಗೆ. ಆದರೂ ಎದೆ ಹಗುರಾಯಿತು. ಗಂಡನಿಗೆ ಇನ್ನು ನೆಪ ಎಲ್ಲಿಂದ ಬರಬೇಕು?

ಬಾಗಿಲು ತೆಗೆದರು. ಚನ್ನಕೇಶವ ಒಳಗೆ ಹೋಗಿ ಕಿನ್ಲಪ್ಪನ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. "ತಪ್ಪಾಯ್ತು ಸ್ವಾಮಿ" ಎಂದು ಕೆನ್ನೆಗೆ ಬಡಿದುಕೊಂಡ. ನಿಜವಾಗಿ ನೊಂದಂತೆಯೇ ಕಂಡಿತು. ಆಮೇಲೆ ಲೋಟವನ್ನು ಎತ್ತಿ, ಒಂದು ಹನಿಯೂ ತುಳುಕದ ಹಾಗೆ, ಗೋಡೆಯ ಪಕ್ಕದ ಎಲೆಯ ಮುಂದಿಟ್ಟ.

"ನಮ್ಮಪ್ಪ ಕುಡೀತಿದ್ದ. ಅವನಿಗಿಡೋಣ ಬಿಡು."

ವಿಮಲಮ್ಮನ ಇಷ್ಟು ವರ್ಷದ ಕಾದಾಟ ಒಂದು ಎಲೆಯಿಂದ ಇನ್ನೊಂದು ಎಲೆಗೆ ಜರುಗಿತ್ತು, ಅಷ್ಟೇ. ಮಾವ ಹೇಗೆ ಸತ್ತರೆಂದು ಆ ಮನೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಕುಡಿದು ಹೊಟ್ಟೆ ಊದಿಕೊಂಡು ಸತ್ತ ಅವರ ಬಾಯಿಗೆ ಕೊನೆಗೆ ನೀರು ಬಿಟ್ಟವಳು ಇವಳೇ.

"ರೀ" ಎಂದಳು. ದನಿ ಏರಿಸಲಿಲ್ಲ. "ನಾಳೆ ನಿಮ್ಮ ಎಲೆಗೂ ನಾನೇ ಇಡಬೇಕಲ್ಲ. ಏನಿಡ್ಲಿ? ಬಾಯಿ ಇರೋವಾಗ್ಲೇ ಹೇಳ್ಬಿಡಿ."

ಅಮ್ಮ ಏನು ಹೇಳಿದರು ಎಂದು ಬ್ರೆಂಡನ್ ಅನುವನ್ನು ಕೇಳಿದ. ಅವಳು ಅಪ್ಪನ ಕಡೆ ನೋಡಿದಳು. ಕೊನೆಗೆ ಚನ್ನಕೇಶವನೇ ತನ್ನ ಹರಕು ಇಂಗ್ಲಿಷಿನಲ್ಲಿ, "ಕಾಫಿ ಸಾರ್. ಶಿ ಆಸ್ಕಿಂಗ್, ಯು ವಾಂಟ್ ಕಾಫಿ?" ಎಂದ.

ಬ್ರೆಂಡನ್ ಸಂತೋಷದಿಂದ ತಲೆಯಾಡಿಸಿದ.

ವಿಮಲಮ್ಮ ಅಡುಗೆಮನೆಗೆ ಹೋಗಿ ಕಾಫಿ ಮಾಡಿ ತಂದಳು. ಒಂದು ಲೋಟ ಅತಿಥಿಗೆ ಕೊಟ್ಟಳು. ಒಂದನ್ನು ಕಿನ್ಲಪ್ಪನ ಎಲೆಯ ಪಕ್ಕ ಇಟ್ಟು ಕೈ ಮುಗಿದಳು. ಮೂರನೆಯದನ್ನು ಗಂಡನ ಮುಂದೆ, ನೆಲಕ್ಕೆ ಕುಕ್ಕಿದಳು.

"ನಿಮ್ಮ ಎಲೆಗೆ ನಾನು ಇಡೋದು ಇದೇ. ಈಗಿಂದ್ಲೇ ಕುಡಿದು ಅಭ್ಯಾಸ ಮಾಡ್ಕೊಳಿ."